ಹಡಗುಗಳು ಹಿಂದಿರುಗಿದ ವಾರ

ನಮ್ಮ ಮನೆಗೆ ಹೊಸದಾಗಿ ಒಂದು ಹಳೆಯ ಊಟದ ಮೇಜು ಬಂದಿದೆ. ಬಂದಿದೆ ಅನ್ನುವುದಕ್ಕಿಂತ ಮನೆಯನ್ನು ಆಕ್ರಮಿಸಿಕೊಂಡಿದೆ ಅನ್ನುವುದೇ ಸರಿ. ಎಂಟು ಜನ ಆರಾಮಾಗಿ, ಸ್ವಲ್ಪ ಮೊಣಕೈ ಮುದುರಿಕೊಂಡರೆ ಹತ್ತು ಜನ ಕೂತು ಉಣ್ಣಬಹುದಾದ, ಈ ಸೀಮೆಯ ಕಾಡುಮರದ, ಕಪ್ಪಗೆ ಮಿನುಗುವ ಭಾರಿ ಮೇಜು. ನೈರೋಬಿಯ ಹರ್ಲಿಂಗ್‌ಹ್ಯಾಮಿನ ಈ ಫ್ಲಾಟಿನಲ್ಲಿ ಈಗ ಇರುವವರು ನಾನು ಮತ್ತು ನಮ್ಮವರು, ಇಬ್ಬರೇ. ಲಿಫ್ಟಿನೊಳಗೆ ಹಿಡಿಸದ ಅದನ್ನು ಮೆಟ್ಟಿಲು ಹತ್ತಿಸಿ ತಂದವರಲ್ಲೊಬ್ಬ ಬೆವರು ಒರೆಸಿಕೊಳ್ಳುತ್ತಾ, ಹೋಟೆಲು ತೆರೆಯುತ್ತಿದ್ದೀರಾ ಅಮ್ಮಾ ಎಂದು ವಿಚಾರಿಸಿದ. ಅದು ಬಂದಾಗಿನಿಂದ ನಮ್ಮವರ ಸೊಂಟಕ್ಕೆ ಅದರ ಮೂಲೆ ತಾಗದ ದಿನವಿಲ್ಲ. ಇದಕ್ಕೊಂದು ಟ್ರಾಫಿಕ್ ಲೈಟು ಹಾಕಿಸಬೇಕು ಎಂದು ಗೊಣಗುತ್ತಾರೆ. ಊಟಕ್ಕೆ ಕೂತರೆ ನಾವಿಬ್ಬರೂ ದೊಡ್ಡ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಪ್ಪಿಸಿಕೊಂಡ ಪ್ರಯಾಣಿಕರ ಹಾಗೆ ಒಂದು ತುದಿಯಲ್ಲಿ ಕಾಣುತ್ತೇವೆ.

ಆದರೂ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಲವತ್ತು ವರ್ಷ ಭಾನುವಾರದ ಊಟವನ್ನು ನಾನು ಉಂಡದ್ದು ಆ ಮೇಜಿನ ಮೇಲೆ. ಅದು ನಮ್ಮ ಕಟ್ಟಡದ ಪಕ್ಕದ ಮನೆಯ ಪ್ರೊಫೆಸರ್ ಸಿರಿಲ್ ಸಲ್ಡಾನ ಮತ್ತು ಐರಿನ್ ಬಾಯಿಯವರದು.

ನಾನು ಮೈಸೂರಿನಿಂದ ಮದುವೆಯಾಗಿ ನೈರೋಬಿಗೆ ಬಂದ ಹೊಸತು. ಕೈಯಲ್ಲಿ ಗಣಿತದ ಡಿಗ್ರಿ, ತಲೆಯಲ್ಲಿ ಸಿಂಹಗಳ ಭಯ. ನಮ್ಮವರಿಗೆ ಇಂಡಸ್ಟ್ರಿಯಲ್ ಏರಿಯಾದ ಒಂದು ಸೋಪಿನ ಪುಡಿ ಫ್ಯಾಕ್ಟರಿಯಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಲಾರಿಗಳ ಜಾಮಿನಲ್ಲಿ ಸಿಕ್ಕು ಕತ್ತಲಾದ ಮೇಲೆ, ನಿಂಬೆಹಣ್ಣಿನ ಸುಳ್ಳು ವಾಸನೆ ಬೀರುತ್ತಾ ಬರುತ್ತಿದ್ದರು. ಹಗಲೆಲ್ಲಾ ಮಾತಿಗೆ ಜನವಿಲ್ಲದೆ ನಾನು ಪಾತ್ರೆಗಳೊಂದಿಗೆ ಮಾತಾಡುತ್ತಿದ್ದೆ. ಒಂದು ದಿನ ಉಕ್ಕಿ ಹರಿದ ಹಾಲನ್ನು ನಮ್ಮಮ್ಮನ ಧಾಟಿಯಲ್ಲೇ ಬೈಯುತ್ತಿದ್ದಾಗ ಕಿಟಕಿಯ ಕೆಳಗೆ, ಬೇಲಿಯಾಚೆಯಿಂದ ಒಂದು ದನಿ ಕೇಳಿತು. "ನೀವು ಕನ್ನಡದವರಾ? ಹಾಲಿಗೆ ಬೈಯುವುದು ಕೇಳಿ ಎಷ್ಟು ಖುಷಿಯಾಯಿತು ಗೊತ್ತುಂಟಾ." ಅದೇ ಐರಿನ್ ಬಾಯಿ. ತೆಳ್ಳಗೆ, ಎತ್ತರಕ್ಕೆ, ಕುತ್ತಿಗೆಯಲ್ಲೊಂದು ಸಣ್ಣ ಶಿಲುಬೆ. ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಆ ಕಡೆಯ ಅಚ್ಚುಕಟ್ಟಾದ ಕನ್ನಡ. ಮುಂದಿನ ಭಾನುವಾರ ಊಟಕ್ಕೆ ಕರೆದರು.

ಆವತ್ತು ನಾನು ಮಾಡಿಕೊಂಡ ಅವಮಾನವನ್ನು ಈಗಲೂ ನಮ್ಮವರು ಬಂದವರಿಗೆಲ್ಲ ಹೇಳುತ್ತಾರೆ. ನೀವು ಯಾವ ವಿಷಯ ಪಾಠ ಮಾಡುತ್ತೀರಿ ಎಂದು ನಾನು ಪ್ರೊಫೆಸರನ್ನು ಕೇಳಿದೆ. ನ್ಯೂಕ್ಲಿಯರ್ ಡಿಟರೆನ್ಸ್ ಎಂದರು. ನನಗೆ ಕೇಳಿಸಿದ್ದು ಡಿಟರ್ಜೆಂಟ್ಸ್. ನಮ್ಮವರದೂ ಅದೇ ಸರ್, ನೀಲಿ ಪುಡಿ ಬಿಳಿ ಪುಡಿ ಎರಡೂ ಮಾಡುತ್ತಾರೆ ಎಂದುಬಿಟ್ಟೆ. ಪ್ರೊಫೆಸರು ಒಂದು ಗಳಿಗೆ ಗಂಭೀರವಾಗಿ ಯೋಚಿಸಿ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ನಮ್ಮವರನ್ನು ಎಲ್ಲರಿಗೂ "ನನ್ನ ಸಹೋದ್ಯೋಗಿ" ಎಂದೇ ಪರಿಚಯಿಸುತ್ತಿದ್ದರು. ಎರಡರಲ್ಲೂ ನೊರೆಯೇ ಜಾಸ್ತಿ, ಬಟ್ಟೆ ಎಷ್ಟು ಶುದ್ಧವಾಯಿತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

ಡಿಟರೆನ್ಸ್ ಎಂದರೇನೆಂದು ಅವರು ನನಗೆ ಕಲಿಸಿದ್ದು ಆ ಮೇಜಿನ ಮೇಲೆಯೇ. ಉಪ್ಪಿನ ಕುಡಿಕೆ ಅಮೆರಿಕ, ಮೆಣಸಿನ ಕುಡಿಕೆ ರಷ್ಯ. ಉಪ್ಪಿನಕಾಯಿ ಬಾಟಲಿ ಚೀನ. ಅದು ಯಾವಾಗ ಯಾರ ಕಡೆ ವಾಲುತ್ತದೆಂದು ಹೇಳಲಿಕ್ಕಾಗುವುದಿಲ್ಲ. ಇಬ್ಬರ ಹತ್ತಿರವೂ ಇನ್ನೊಬ್ಬನನ್ನು ಪೂರ್ತಿ ಸುಟ್ಟುಹಾಕುವಷ್ಟು ಬಾಂಬುಗಳಿವೆ. ಮೊದಲು ಹೊಡೆದವನೂ ಉಳಿಯುವುದಿಲ್ಲ. ಆದ್ದರಿಂದ ಯಾರೂ ಹೊಡೆಯುವುದಿಲ್ಲ. ಇಷ್ಟೇ. ಅಮೆರಿಕದ ಅಧ್ಯಕ್ಷರು ಒಬ್ಬರ ನಂತರ ಒಬ್ಬರು ಚಮಚಗಳ ರೂಪದಲ್ಲಿ ಬಂದು ಹೋಗುತ್ತಿದ್ದರು. ಒಬ್ಬರು ಎಲ್ಲಿ ಸಣ್ಣ ಜಗಳವಾದರೂ ಸರ್ವನಾಶ ಎಂದು ಹೆದರಿಸಿದರು. ಅವರ ಹಿಂದೆ ಬಂದವರು ಸ್ವಲ್ಪ ಸ್ವಲ್ಪವಾಗಿ ಹೊಡೆಯುತ್ತೇವೆ ಎಂದರು. ಇನ್ನೊಬ್ಬರು ಚೀನಕ್ಕೇ ಹೋಗಿ ಉಪ್ಪಿನಕಾಯಿಯ ಕೈಕುಲುಕಿದರು. ಮತ್ತೊಬ್ಬರು ಬಾಂಬು ಬೀಳದ ಹಾಗೆ ಆಕಾಶದಲ್ಲೇ ಕೊಡೆ ಹಿಡಿಯುತ್ತೇವೆ ಎಂದರು. ಅಧ್ಯಕ್ಷರು ಬದಲಾಗುತ್ತಾರೆ, ನೀತಿಯ ಹೆಸರು ಬದಲಾಗುತ್ತದೆ, ಹೆದರಿಕೆ ಮಾತ್ರ ಅದೇ. ಆ ಹೆದರಿಕೆಯೇ ನಮ್ಮನ್ನು ಕಾಯುತ್ತಿರುವುದು ಎಂದು ಪ್ರೊಫೆಸರು ಮುಗಿಸುವ ಹೊತ್ತಿಗೆ ಐರಿನ್ ಬಾಯಿ ಬಂದು, ಸಾರಿಗೆ ಉಪ್ಪು ಬೇಕು, ನಿಮ್ಮ ಅಮೆರಿಕವನ್ನು ಈಚೆ ಕೊಡಿ ಎನ್ನುತ್ತಿದ್ದರು.

ಹೆದರಿಕೆಯ ವಿಷಯದಲ್ಲಿ ನನ್ನ ಅನುಭವ ಬಹಳ ಕಡಿಮೆ. ಬಾಂಗ್ಲಾ ಯುದ್ಧದ ಕಾಲದಲ್ಲಿ ನಾನು ಮೈಸೂರಿನಲ್ಲಿ ಹುಡುಗಿ. ಅಪ್ಪ ಕಿಟಕಿ ಗಾಜಿಗೆಲ್ಲ ಕಂದು ಕಾಗದ ಅಂಟಿಸಿ, ಬಲ್ಬಿಗೆ ಅಮ್ಮನ ಹಳೆಯ ರವಿಕೆ ಸುತ್ತಿದ್ದರು. ಆ ಮಬ್ಬಿನಲ್ಲಿ ಅನ್ನದಲ್ಲಿದ್ದ ಕಲ್ಲು ಕಾಣದೆ ಎಲ್ಲರ ಹಲ್ಲೂ ಕಟಕಟ ಎನ್ನುತ್ತಿತ್ತು. ಯಾವ ವಿಮಾನವೂ ಮೈಸೂರಿಗೆ ಬರಲಿಲ್ಲ. ಆಗಲೇ ಅಮೆರಿಕದ ಅಧ್ಯಕ್ಷರು ಬಂಗಾಳ ಕೊಲ್ಲಿಗೆ ಅಣುಶಕ್ತಿಯ ಹಡಗು ಕಳಿಸಿದ್ದಾರಂತೆ ಎಂಬ ಸುದ್ದಿ ಬಂತು. ಅದು ಕಾವೇರಿಯಲ್ಲಿ ಮೇಲೇರಿ ಕನ್ನಂಬಾಡಿ ಕಟ್ಟೆಗೆ ಬಂದೇ ಬರುತ್ತದೆ ಎಂದು ನಮ್ಮ ಬೀದಿಯ ಹುಡುಗರು ಪಂದ್ಯ ಕಟ್ಟಿದ್ದರು. ನಾನು ಭಾನುವಾರವೆಲ್ಲ ಮಾಳಿಗೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದ್ದೆ. ಹಡಗು ಬಾರದೆ ನಿರಾಶೆಯಾಗಿ ಅತ್ತಿದ್ದೆ ಕೂಡ. ಇದನ್ನು ಹೇಳಿದಾಗ ಪ್ರೊಫೆಸರು ನಗಲಿಲ್ಲ. ಹಡಗು ಬರಲಿಲ್ಲ ಎಂದು ಅತ್ತವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದಷ್ಟೇ ಹೇಳಿದರು.

ಅವರ ಹಡಗುಗಳ ಕಥೆ ಬೇರೆ. ಅದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಕ್ಯೂಬಾದಲ್ಲಿ ರಷ್ಯದವರು ಕ್ಷಿಪಣಿ ಇಟ್ಟು ಅಮೆರಿಕ ಕೆರಳಿದ ವಾರ, ಪ್ರೊಫೆಸರು ಅಮೆರಿಕದ ಯಾವುದೋ ಸಣ್ಣ ಊರಿನ ಕಾಲೇಜಿನಲ್ಲಿ ಹುಡುಗ. ಮಂಗಳೂರಿನಿಂದ ಸ್ಕಾಲರ್‌ಶಿಪ್ಪಿನ ಮೇಲೆ ಹೋಗಿ, ಒಂದು ಕುಟುಂಬದ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದರು. ಅಧ್ಯಕ್ಷರು ಟೆಲಿವಿಷನ್ನಿನಲ್ಲಿ ಬಂದು ಸಮುದ್ರಕ್ಕೆ ದಿಗ್ಬಂಧನ ಹಾಕಿದ್ದೇವೆ ಎಂದರು. ಮರುದಿನ ಅಂಗಡಿಗಳಲ್ಲಿ ಬ್ರೆಡ್ಡು, ಡಬ್ಬಿಯ ಹುರುಳಿಕಾಯಿ, ಬ್ಯಾಟರಿ ಏನೂ ಇಲ್ಲ. ಶಾಲೆಯ ಮಕ್ಕಳು ಡೆಸ್ಕಿನ ಕೆಳಗೆ ಮುದುಡಿ ತಲೆಯ ಮೇಲೆ ಕೈ ಇಟ್ಟುಕೊಳ್ಳುವ ಅಭ್ಯಾಸ ಮಾಡಿದರು. ಇತಿಹಾಸದ ಮೇಷ್ಟ್ರು ಪಾಠದ ನಡುವೆ ಸೀಮೆಸುಣ್ಣ ಕೆಳಗಿಟ್ಟು ಮನೆಗೆ ಹೋದರು. ಸೇನಾಪತಿಗಳು ಬಾಂಬ್ ಹಾಕೋಣ ಎಂದರೂ ಅಧ್ಯಕ್ಷರು ಕಾದರು. ಕ್ಯೂಬಾಕ್ಕೆ ಹೊರಟಿದ್ದ ರಷ್ಯದ ಹಡಗುಗಳು ಅರ್ಧ ದಾರಿಯಲ್ಲಿ ಹಿಂದಿರುಗಿದವು. ಆ ಕಡೆಯವನಿಗೂ ಹೆದರಿಕೆಯಾಗಿತ್ತು, ಅದಕ್ಕೇ ನಾನು ಇವತ್ತು ಇಲ್ಲಿ ಮೀನು ತಿನ್ನುತ್ತಿದ್ದೇನೆ ಎಂದು ಹೇಳಿ ಪ್ರೊಫೆಸರು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದರು. ಕಥೆ ಎಂದೂ ಅಲ್ಲಿಗೇ ಮುಗಿಯುತ್ತಿತ್ತು.

ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಅವರ ಜೊತೆ ಪಾಠ ಮಾಡುತ್ತಿದ್ದ ಗೆಳೆಯ ಒಡುವೋರ್ ಎಂಬವರು ಆಗಾಗ ಬರುತ್ತಿದ್ದರು. ಅವರು ಅದೇ ಕಾಲದಲ್ಲಿ ಮಾಸ್ಕೋದಲ್ಲಿ ಓದಿದವರು. ಆ ವಾರ ಅಲ್ಲಿ ನಿಮಗೆ ಹೇಗಿತ್ತು ಎಂದು ನಾನೊಮ್ಮೆ ಕೇಳಿದೆ. ಅವರು ನಿಧಾನವಾಗಿ ನಕ್ಕರು. ನಮ್ಮನ್ನೆಲ್ಲ ಹಳ್ಳಿಗೆ ಕಳಿಸಿದ್ದರು, ಆಲೂಗಡ್ಡೆ ಅಗೆಯುತ್ತಿದ್ದೆವು, ಪ್ರಪಂಚ ಮುಗಿಯುವುದರಲ್ಲಿತ್ತು ಎಂಬುದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ ಎಂದರು. ಸಿರಿಲ್ ಅಲ್ಲಿ ಸಾಯಲು ಕಾಯುತ್ತಿದ್ದಾಗ ನನಗಿದ್ದ ಚಿಂತೆಯೆಂದರೆ ಒದ್ದೆಯಾದ ಬೂಟು ಮಾತ್ರ ಎಂದೂ ಸೇರಿಸಿದರು.

ನನಗೆ ರಾಜಕೀಯ ತಿಳಿಯದಿದ್ದರೂ ಗಣಿತ ತಿಳಿಯುತ್ತದೆ ಎಂಬ ಒಂದು ಹಮ್ಮು. ಆ ಹೊತ್ತಿಗೆ ಊರಂಚಿನ ಕರೆನ್ ಬಡಾವಣೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಂಭವನೀಯತೆ ಕಲಿಸುತ್ತಿದ್ದೆ. ಒಂದು ಭಾನುವಾರ ಕೇಳಿಯೇಬಿಟ್ಟೆ. ವರ್ಷಕ್ಕೊಮ್ಮೆ ದಾಳ ಹಾಕುವುದು ಅಂತಿಟ್ಟುಕೊಳ್ಳಿ, ಕೆಟ್ಟದ್ದು ಬೀಳುವ ಸಾಧ್ಯತೆ ಎಷ್ಟೇ ಚಿಕ್ಕದಿರಲಿ, ಹಾಕುತ್ತಲೇ ಇದ್ದರೆ ಒಂದು ದಿನ ಬಿದ್ದೇ ಬೀಳುತ್ತದಲ್ಲವೇ ಎಂದೆ. ಪ್ರೊಫೆಸರು ಉಪ್ಪಿನ ಕುಡಿಕೆಯನ್ನು ಬೆರಳಲ್ಲಿ ತಿರುಗಿಸತೊಡಗಿದರು. ಐರಿನ್ ಬಾಯಿ ಅವರ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಪ್ರೊಫೆಸರು, ಇದು ಊಟದ ಹೊತ್ತಿನ ಪ್ರಶ್ನೆಯಲ್ಲ ಮಾರಾಯ್ತಿ ಎಂದು ಎದ್ದು ಕೈ ತೊಳೆಯಲು ಹೋದರು. ಪ್ರೊಫೆಸರನ್ನೇ ಸೋಲಿಸಿದೆನಲ್ಲ ಎಂದು ನಾನು ನಮ್ಮ ಮೆಟ್ಟಿಲು ಹತ್ತುವಾಗಲೆಲ್ಲ ಬೀಗಿದೆ.

ನನ್ನ ಮಗಳು ನಿಧಿ ಹುಟ್ಟಿದಾಗ ಆಸ್ಪತ್ರೆಗೆ ಮೊದಲು ಬಂದವರು ಅವರಿಬ್ಬರೇ. ಐರಿನ್ ಬಾಯಿ ಮಗುವನ್ನು ಎತ್ತಿಕೊಂಡವರು ಕೆಳಗಿಡಲೇ ಇಲ್ಲ. ಪ್ರೊಫೆಸರು ಮಾತ್ರ ಒಮ್ಮೆ ಇಣುಕಿ ನೋಡಿ ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಓದಿದ ಗಂಡಸರಿಗೆ ಮಕ್ಕಳೆಂದರೆ ಅಷ್ಟಕ್ಕಷ್ಟೇ ಎಂದು ನಾನು ತೀರ್ಮಾನಿಸಿದೆ. ನನ್ನ ತೀರ್ಮಾನಗಳೆಲ್ಲ ಹೀಗೆಯೇ. ಮುಂದೆ ಅವಳಿಗೆ ಸೈಕಲ್ ಕಲಿಸಿದ್ದು ಅವರು, ಪ್ರಪಂಚದ ನಕ್ಷೆ ಕಲಿಸಿದ್ದು ಅವರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಆ ಮೊಂಡಿಗೆ ಐವತ್ತು ಕನ್ನಡ ಪದ್ಯ ಬಾಯಿಪಾಠ ಮಾಡಿಸಿದ್ದೂ ಅವರೇ. ಅವರಿಗೆ ಮಕ್ಕಳಿಲ್ಲದ್ದನ್ನು ನಾನು ಎಂದೂ ಕೇಳಲಿಲ್ಲ. ದೇವರು ಕೊಟ್ಟಿರಲಿಕ್ಕಿಲ್ಲ ಎಂದುಕೊಂಡು ಸುಮ್ಮನಾಗಿದ್ದೆ.

ಬರ್ಲಿನ್ ಗೋಡೆ ಒಡೆದ ವಾರ ಪ್ರೊಫೆಸರು ದೊಡ್ಡ ಪಾರ್ಟಿ ಕೊಟ್ಟರು. ಆವತ್ತಿನ ಹಾಗೆ ಅವರನ್ನು ನಾನು ಹಿಂದೆ ಎಂದೂ ನೋಡಿರಲಿಲ್ಲ. ಸಾಯಂಕಾಲ ಐದಕ್ಕೇ ಕೋಟು ಹಾಕಿಕೊಂಡು, ಪೇಟೆಯಿಂದ ಮೂರಂತಸ್ತಿನ ಕೇಕು ತಂದು, ಮೇಜಿನ ಸುತ್ತ ಹತ್ತು ಜನರನ್ನು ಕೂರಿಸಿ ಹಾಡಿಸಿದರು. ಒಡುವೋರ್ ತಮ್ಮ ಮಾಸ್ಕೋ ದಿನಗಳ ಹಾಡು ಹೇಳಿದರು. ನಮ್ಮವರು ಕುಣಿದರು, ಅದನ್ನು ಕುಣಿತ ಎನ್ನಬಹುದಾದರೆ. ಮುಗಿಯಿತು, ಇನ್ನು ಹೆದರುವ ಕೆಲಸವಿಲ್ಲ, ಇನ್ನು ನಾನು ಬೇರೆ ಏನಾದರೂ ಪಾಠ ಮಾಡಬೇಕು ಎಂದು ಪ್ರೊಫೆಸರು ಮತ್ತೆ ಮತ್ತೆ ಹೇಳಿದರು. ಐರಿನ್ ಬಾಯಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ನಾನು ಒಳಗೆ ಹೋದಾಗ ಒಲೆಯ ಮುಂದೆ ನಿಂತಿದ್ದರು, ಕಣ್ಣು ಕೆಂಪಗಿತ್ತು. ಈರುಳ್ಳಿ ಎಂದರು. ಈ ದೇಶದ ಈರುಳ್ಳಿ ಎಷ್ಟು ಖಾರ ಎಂದು ನಾನೂ ಎರಡು ಮಾತು ಸೇರಿಸಿ ಕೇಕಿನ ಹತ್ತಿರ ಓಡಿದೆ.

ಆ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ಸೋವಿಯತ್ ಒಕ್ಕೂಟವೂ ಒಡೆದ ಮೇಲೆ ಎರಡೂ ಕಡೆಯ ಮುದಿ ಅಧಿಕಾರಿಗಳು ಒಂದೇ ಕೋಣೆಯಲ್ಲಿ ಕೂತು ಕ್ಯೂಬಾದ ಆ ದಿನಗಳ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದರು. ಕ್ಯೂಬಾದಲ್ಲಿ ಸಣ್ಣ ಅಣ್ವಸ್ತ್ರಗಳು ಆಗಲೇ ಬಂದಿಳಿದಿದ್ದವು, ಅಮೆರಿಕದವರಿಗೆ ಅದು ಗೊತ್ತೇ ಇರಲಿಲ್ಲ, ಸೇನಾಪತಿಗಳ ಮಾತು ಕೇಳಿ ದಂಡೆತ್ತಿ ಹೋಗಿದ್ದರೆ ಅಲ್ಲಿಂದಲೇ ಎಲ್ಲ ಶುರುವಾಗುತ್ತಿತ್ತು ಎಂಬುದು ಹೊರಬಿತ್ತು. ಅಧ್ಯಕ್ಷರು ಗುಟ್ಟಾಗಿ ಟರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ತೆಗೆದುಹಾಕಲು ಒಪ್ಪಿದ್ದರಂತೆ. ಭಾನುವಾರ ಊಟಕ್ಕೆ ಕೂತಾಗ ಪ್ರೊಫೆಸರು ಕುಡಿಕೆಗಳನ್ನು ಮುಟ್ಟಲಿಲ್ಲ. ಹಾಗಾದರೆ ಇಷ್ಟು ವರ್ಷ ನಮಗೆ ಏನನ್ನು ಕಲಿಸಿದೆ ಸಿರಿಲ್ ಎಂದು ಒಡುವೋರ್ ತಮಾಷೆಯಾಗಿಯೇ ಕೇಳಿದರು. ಪ್ರೊಫೆಸರು ತಟ್ಟೆ ನೋಡುತ್ತಾ, ಅದೃಷ್ಟವನ್ನು ಎಂದರು. ಅದೃಷ್ಟಕ್ಕೆ ಒಂದು ದೊಡ್ಡ ಹೆಸರಿಟ್ಟು ಕಲಿಸಿದೆ.

ವರ್ಷಗಳು ಕಳೆದವು. ಒಡುವೋರ್ ತೀರಿಕೊಂಡರು. ನಿಧಿ ಓದಿ, ಮದುವೆಯಾಗಿ, ಕರೆನ್‌ನಲ್ಲಿ ಮನೆ ಮಾಡಿದಳು. ಪ್ರೊಫೆಸರು ನಿವೃತ್ತರಾಗಿ ಬಹಳ ಕಾಲವಾದ ಮೇಲೆ ಮರೆಯತೊಡಗಿದರು. ಮೊದಲು ಕನ್ನಡಕ, ಆಮೇಲೆ ಮನೆಯ ದಾರಿ. ಅಧ್ಯಕ್ಷರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದವರು ಚಮಚಕ್ಕೆ ಏನೆನ್ನುತ್ತಾರೆಂದು ನನ್ನನ್ನು ಕೇಳಿದ ದಿನ ನಾನು ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಟೀವಿಯಲ್ಲಿ ಮತ್ತೆ ಅದೇ ಮಾತುಗಳು ಶುರುವಾಗಿದ್ದವು. ಯುದ್ಧ, ಅಣುಬಾಂಬಿನ ಬೆದರಿಕೆ, ಮುಗಿದುಹೋಗುತ್ತಿರುವ ಒಪ್ಪಂದಗಳು, ಪುನಃ ಪರೀಕ್ಷೆ ಮಾಡುತ್ತೇವೆ ಎನ್ನುವ ಅಮೆರಿಕದ ಅಧ್ಯಕ್ಷರು. ಐರಿನ್ ಬಾಯಿ ಸುದ್ದಿ ಬಂದ ಕೂಡಲೇ ಚಾನೆಲ್ ಬದಲಿಸಿ ಅಡುಗೆ ಕಾರ್ಯಕ್ರಮ ಹಾಕುತ್ತಿದ್ದರು. ಪ್ರೊಫೆಸರು ಬೇಯುವ ಆಲೂಗಡ್ಡೆಗಳನ್ನು ತದೇಕಚಿತ್ತದಿಂದ ನೋಡುತ್ತಿದ್ದರು.

ಏಪ್ರಿಲ್ ಮಳೆ ಹಿಡಿದ ಒಂದು ಮಧ್ಯಾಹ್ನ. ಬಾಡಿಗೆಗೆ ಓಡುವ ಮಟಾಟು ವ್ಯಾನುಗಳ ಹಾರನ್ ಕೂಡ ಕೇಳದ ಹಾಗೆ ಗುಡುಗುತ್ತಿತ್ತು. ಐರಿನ್ ಬಾಯಿ ಫೋನ್ ಮಾಡಿ, ಸ್ವಲ್ಪ ಬರುತ್ತೀರಾ ಎಂದರು, ಅಷ್ಟೇ. ನಾನು ಕೊಡೆ ಹಿಡಿದು ಓಡಿದೆ. ಮನೆಯೊಳಗೆ ಪ್ರೊಫೆಸರು ಕಾಣಲಿಲ್ಲ. ಐರಿನ್ ಬಾಯಿ ನೆಲದ ಮೇಲೆ ಮೊಣಕಾಲೂರಿ ಕೂತಿದ್ದರು. ಬಗ್ಗಿ ನೋಡಿದೆ. ಎಂಬತ್ತು ದಾಟಿದ, ಎಷ್ಟೋ ರಾಯಭಾರಿಗಳಿಗೆ ಪಾಠ ಹೇಳಿದ ಆ ದೊಡ್ಡ ಮನುಷ್ಯ ಊಟದ ಮೇಜಿನ ಕೆಳಗೆ ಮೊಣಕಾಲಿಗೆ ಹಣೆ ಒತ್ತಿ, ತಲೆಯ ಮೇಲೆ ಎರಡೂ ಕೈ ಹೊತ್ತು ಮುದುಡಿ ಕೂತಿದ್ದರು.

ನನ್ನ ಸೀರೆಯ ಅಂಚು ಕಂಡು ತಲೆ ಎತ್ತಿದರು. "ಕಿಟಕಿಯ ಹತ್ತಿರ ನಿಲ್ಲಬೇಡಿ. ಹಡಗುಗಳು ಹಿಂದೆ ತಿರುಗಿದವಾ?"

"ತಿರುಗಿದವು ಸರ್," ಎಂದೆ. "ಈಗ ತಾನೇ ರೇಡಿಯೋದಲ್ಲಿ ಹೇಳಿದ್ರು."

ಅವರು ನಂಬಲಿಲ್ಲ. ಹೆಂಡತಿಯ ಕೈ ಹಿಡಿದು ಒಳಕ್ಕೆಳೆದುಕೊಂಡರು. ಆಮೇಲೆ ಕೊಂಕಣಿಯಲ್ಲಿ, ಇಷ್ಟು ವರ್ಷಗಳಲ್ಲಿ ನನಗೂ ಚೆನ್ನಾಗಿ ಅರ್ಥವಾಗುತ್ತಿದ್ದ ಆ ಮಾತಿನಲ್ಲಿ ಕೇಳಿದರು.

"ಮಗು ಎಲ್ಲಿ?"

"ಯಾವ ಮಗು ಸಿರಿಲ್?"

"ನಮ್ಮ ಮಗು. ಹೊರಗೆ ಬಿಟ್ಟು ಬಂದೆಯಾ?"

ಮತ್ತೊಂದು ಗುಡುಗು ಕಿಟಕಿಯ ಗಾಜನ್ನು ಅಲ್ಲಾಡಿಸಿತು. ಐರಿನ್ ಬಾಯಿ ಆ ಕತ್ತಲಿನಲ್ಲಿ ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಬೆನ್ನ ಮೇಲೆ ಕೈಯಿಟ್ಟು, "ಮಗು ಮಲಗಿದೆ. ಎಬ್ಬಿಸುವುದು ಬೇಡ," ಎಂದರು.

ಪ್ರೊಫೆಸರ ಉಸಿರು ನಿಧಾನವಾಗಿ ಹದಕ್ಕೆ ಬಂತು.

ಮಳೆ ನಿಂತ ಮೇಲೆ ಅವರನ್ನು ಮಲಗಿಸಿ ನಾವಿಬ್ಬರೂ ಅಡುಗೆಮನೆಗೆ ಬಂದೆವು. ಐರಿನ್ ಬಾಯಿ ಚಹಾಕ್ಕೆ ನೀರಿಟ್ಟು, ನನ್ನ ಕಡೆ ತಿರುಗದೆಯೇ ಹೇಳತೊಡಗಿದರು. ಮಂಗಳೂರಿನಲ್ಲಿ ಮದುವೆಗೆ ಮುಂಚೆ ಚರ್ಚಿನ ಅಂಗಳದಲ್ಲಿ ಸಿರಿಲ್ ಒಂದೇ ಒಂದು ಷರತ್ತು ಹಾಕಿದ್ದರಂತೆ: ನಮಗೆ ಮಕ್ಕಳು ಬೇಡ. ಕಾರಣವನ್ನೂ ಹೇಳಿದ್ದರು, ಅದೊಂದೇ ಸಲ. ಕ್ಯೂಬಾದ ವಾರದಲ್ಲಿ ಅವರು ಬಾಡಿಗೆಗಿದ್ದ ಮನೆಯಲ್ಲಿ ಒಂದು ಸಣ್ಣ ಹುಡುಗಿಯಿದ್ದಳು. ಸೈರನ್ ಆದರೆ ಅವಳನ್ನು ನೆಲಮಾಳಿಗೆಗೆ ಎತ್ತಿಕೊಂಡು ಹೋಗುವ ಕೆಲಸವನ್ನು ತಾಯಿ ಇವರಿಗೆ ವಹಿಸಿದ್ದಳು. ಒಂದು ಸಂಜೆ ಅಭ್ಯಾಸಕ್ಕೆಂದು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಆ ಮಗು ಇವರ ಕಿವಿಯಲ್ಲಿ, ಅದು ಬಂದಾಗ ನೋಯುತ್ತದಾ ಎಂದು ಕೇಳಿತಂತೆ. ಇವರಿಗೆ ಉತ್ತರ ಗೊತ್ತಿರಲಿಲ್ಲ. ಹಡಗುಗಳು ಹಿಂದಿರುಗಿದವು, ಊರಿನವರೆಲ್ಲ ಕುಣಿದರು. ಇವರು ಮಾತ್ರ, ನನ್ನದೇ ಮಗುವಿನಿಂದ ಈ ಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿಕೊಂಡರು.

"ನನಗೆ ಆಗ ಇಪ್ಪತ್ತಮೂರು," ಎಂದರು ಐರಿನ್ ಬಾಯಿ. "ಆಮೇಲೆ ಮನಸ್ಸು ಬದಲಾಗುತ್ತದೆ ಅಂತ ಒಪ್ಪಿದ್ದು. ಇಲ್ಲಿಗೆ ಬಂದ ಮೇಲೆ ಅಷ್ಟು ದೊಡ್ಡ ಮೇಜು ತೆಗೆದುಕೊಂಡದ್ದೂ ನಾನೇ, ಅದಕ್ಕೇ."

ಮನಸ್ಸು ಬದಲಾಗಲಿಲ್ಲ. ಕ್ಲಾಸಿನಲ್ಲಿ ಯಾರೂ ಹೊಡೆಯುವುದಿಲ್ಲ ಎಂದು ಪಾಠ ಹೇಳುತ್ತಿದ್ದವರು ಮನೆಗೆ ಬಂದು ಅದನ್ನು ನಂಬುತ್ತಿರಲಿಲ್ಲ. ಪೇಪರಿನಲ್ಲಿ ಸ್ವಲ್ಪ ಒಳ್ಳೆಯ ಸುದ್ದಿ ಬಂದಾಗಲೆಲ್ಲ ಐರಿನ್ ಬಾಯಿ, ಈಗ ಮಗು ಆಗಬಹುದಾ ಎಂದು ಕೇಳುವರು. ಅಮೆರಿಕದ ಅಧ್ಯಕ್ಷರು ಮಾಸ್ಕೋಗೆ ಹೋದಾಗ ಕೇಳಿದರು, ಒಪ್ಪಂದಕ್ಕೆ ಸಹಿ ಬಿದ್ದಾಗ ಕೇಳಿದರು. ಇನ್ನೂ ಸ್ವಲ್ಪ ಕಾಯುವ ಎಂದೇ ಉತ್ತರ. ಯಾರು ಯಾರೋ ಗಂಡಸರು ಎಲ್ಲೆಲ್ಲೋ ಮೇಜಿನ ಸುತ್ತ ಕೂತು ಮಾತಾಡಿದ್ದರ ಮೇಲೆ ಮಂಗಳೂರಿನ ಒಬ್ಬ ಹೆಂಗಸಿಗೆ ಮಗುವಾಗುವುದು ಬಿಡುವುದು ನಿಂತಿತ್ತು.

"ಗೋಡೆ ಬಿದ್ದ ದಿನ ಕೇಕು ತಂದರಲ್ಲ, ನೆನಪುಂಟಾ? ಅವತ್ತು ಜನ ಬರುವ ಮೊದಲು ಇಲ್ಲಿ, ಈ ಬಾಗಿಲಲ್ಲಿ ನಿಂತು, ಐರಿನ್ ಇನ್ನು ನಮಗೊಂದು ಮಗು ಆಗಬಹುದು ಅಂದರು. ಎಷ್ಟು ಖುಷಿ ಅವರ ಮುಖದಲ್ಲಿ." ಐರಿನ್ ಬಾಯಿ ಚಹಾ ಸೋಸಿದರು. "ನನ್ನದು ಆ ವರ್ಷವೇ ನಿಂತಿತ್ತು ಉಷಾ. ಅವರಿಗೆ ಅದು ಗೊತ್ತೂ ಇರಲಿಲ್ಲ. ಅವತ್ತು ಹೇಗೆ ಹೇಳುವುದು? ಕೇಕು ಎಲ್ಲ ಬಂದಾಗಿತ್ತು."

ನನಗೆ ಆ ಈರುಳ್ಳಿಯ ನೆನಪಾಯಿತು. ಚಹಾ ಕುಡಿದೆ.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ. ಪ್ರೊಫೆಸರು ಗುಡುಗಿಲ್ಲದ ದಿನವೂ ಮಗುವನ್ನು ಕೇಳತೊಡಗಿದರು. ಮೊದಮೊದಲು ಐರಿನ್ ಬಾಯಿ ಮಲಗಿದೆ ಎಂದಷ್ಟೇ ಹೇಳುತ್ತಿದ್ದರು. ಒಂದು ದಿನ ಪ್ರೊಫೆಸರು ಮಗುವಿನ ಹೆಸರು ಕೇಳಿದರಂತೆ. ಇವರ ಬಾಯಲ್ಲಿ ಕ್ಲಾರಾ ಎಂದು ತಾನಾಗಿ ಬಂತು. ಮದುವೆಯಾದಂದಿನಿಂದ ಒಳಗೆ ಇಟ್ಟುಕೊಂಡಿದ್ದ ಹೆಸರು. ಅಲ್ಲಿಂದ ಮುಂದೆ ಕ್ಲಾರಾ ಬೆಳೆಯತೊಡಗಿದಳು. ನಾನು ಹೋದಾಗಲೆಲ್ಲ ಕೇಳಿಸುತ್ತಿತ್ತು. ಕ್ಲಾರಾಳಿಗೆ ಹಲ್ಲು ಬಂತು. ಕ್ಲಾರಾ ನರ್ಸರಿಗೆ ಹೋಗಲು ಅಳುವುದಿಲ್ಲ, ಜಾಣೆ. ಕ್ಲಾರಾ ಇಲ್ಲಿಯ ಉಗಾಲಿ ಮುದ್ದೆ ತಿನ್ನುತ್ತಾಳೆ, ಮೀನು ಮುಟ್ಟುವುದಿಲ್ಲ. ಪ್ರೊಫೆಸರು ಕಣ್ಣರಳಿಸಿ ಕೇಳುವರು, ಮುಳ್ಳು ತೆಗೆದು ಕೊಡು, ತಿನ್ನುತ್ತಾಳೆ ಎಂದು ಸಲಹೆ ಕೊಡುವರು. ಸಂಜೆ ನಾಲ್ಕಕ್ಕೆ ಶಾಲೆ ಬಿಡುವ ಹೊತ್ತಿಗೆ ಇಬ್ಬರೂ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಗೇಟಿನ ಕಡೆ ನೋಡುತ್ತಾ ಕೂತಿರುತ್ತಿದ್ದರು. ಐರಿನ್ ಬಾಯಿ ತುಸು ದಪ್ಪಗಾದರು. ಅವರ ಮುಖದಲ್ಲಿ ನಾನು ಅಷ್ಟು ವರ್ಷ ನೋಡದ ಒಂದು ಕಳೆ ಬಂದಿತ್ತು.

ನನಗೆ ಗಾಬರಿಯಾಯಿತು. ಒಬ್ಬರ ತಲೆ ಹೋದದ್ದು ಸಾಲದೆಂದು ಇನ್ನೊಬ್ಬರದೂ ಹೋಗುತ್ತಿದೆಯೇ ಎಂದು ನಿಧಿಯನ್ನು ಕರೆಸಿದೆ. ಅವಳನ್ನು ಕಂಡ ಕೂಡಲೇ ಪ್ರೊಫೆಸರು ಎದ್ದು ನಿಂತು, ಕ್ಲಾರಾ, ಎಷ್ಟು ಎತ್ತರ ಆಗಿದ್ದೀ ಎಂದು ಕೈಚಾಚಿದರು. ನನ್ನ ಮಗಳು ಮೆದು. ಹೌದು ಪಪ್ಪ ಎನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಐರಿನ್ ಬಾಯಿ ನಡುವೆ ಬಂದು, ಇದು ನಿಧಿ, ಉಷಾನ ಮಗಳು, ಕ್ಲಾರಾ ಇನ್ನೂ ಶಾಲೆಯಿಂದ ಬಂದಿಲ್ಲ ಎಂದು ಗಟ್ಟಿಯಾಗಿ ಹೇಳಿದರು. ನಿಧಿಯ ಮುಖ ಸಣ್ಣದಾಯಿತು. ಗೇಟಿನವರೆಗೆ ಬಿಡಲು ಬಂದ ಐರಿನ್ ಬಾಯಿಗೆ ನಾನು, ಇದು ನಿಮಗೆ ಒಳ್ಳೆಯದಲ್ಲ ಎಂದು ಮೆಲ್ಲಗೆ ಹೇಳಿ ನೋಡಿದೆ.

"ಐವತ್ತು ವರ್ಷ ಅವರು ಹೇಳಿದ್ದನ್ನು ನಾನು ಕೇಳಿದೆ," ಎಂದರು. ಸಿಟ್ಟೇನೂ ಇರಲಿಲ್ಲ. "ಈಗ ನಾನು ಹೇಳಿದ್ದನ್ನು ಅವರು ಕೇಳುತ್ತಾರೆ. ಇರಲಿ ಬಿಡಿ."

ಬಿಟ್ಟೆ. ಕರೆನ್‌ಗೆ ಬಿಡಲು ಹೋಗುವಾಗ ಕಾರಿನಲ್ಲಿ ನಿಧಿ ಎಂದಿನಂತೆ ಇಂಗ್ಲಿಷಿನಲ್ಲಿ, ಆಂಟಿ ನನ್ನ ಮೇಲೆ ಕೋಪಿಸಿಕೊಂಡರಾ ಎಂದು ಕೇಳಿದಳು. ಇಲ್ಲ, ಅವರ ಮಗಳ ಜಾಗದಲ್ಲಿ ಬೇರೆಯವರು ಕೂರುವುದು ಅವರಿಗೆ ಬೇಡ ಎಂದೆ. ಹೇಳಿದ ಮೇಲೆ, ನಾನೂ ಆ ಮಗು ಇದೆ ಎಂದೇ ಮಾತಾಡಿದೆನಲ್ಲ ಅನ್ನಿಸಿತು.

ಕಳೆದ ವರ್ಷ ಪ್ರೊಫೆಸರು ಹೋದರು. ನೋವಿಲ್ಲದೆ, ವರಾಂಡದ ಕುರ್ಚಿಯಲ್ಲೇ, ಒಂದು ಬಿಸಿಲಿನ ಮಧ್ಯಾಹ್ನ. ಚರ್ಚು ತುಂಬಿತ್ತು. ಅವರ ಹಳೆಯ ವಿದ್ಯಾರ್ಥಿಗಳು, ಈಗ ತಲೆ ನೆರೆತ ದೊಡ್ಡ ದೊಡ್ಡ ಅಧಿಕಾರಿಗಳು, ಸಾಲಾಗಿ ಬಂದು ಐರಿನ್ ಬಾಯಿಯ ಕೈ ಹಿಡಿದು ಪೋಲೆ ಸಾನಾ, ಪೋಲೆ ಸಾನಾ ಎಂದು ದುಃಖ ಹೇಳಿದರು. ಒಬ್ಬರು ವೇದಿಕೆ ಹತ್ತಿ, ಹೆದರಿಕೆಯ ಕಾಲದಲ್ಲಿ ನಮಗೆ ಧೈರ್ಯ ಕಲಿಸಿದ ಗುರು ಎಂದು ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡಿದರು. ಐರಿನ್ ಬಾಯಿ ಅಳಲಿಲ್ಲ. ಬಂದವರಿಗೆಲ್ಲ ಚಹಾ ಸಿಕ್ಕಿತೇ ಎಂದು ವಿಚಾರಿಸುತ್ತಿದ್ದರು.

ಆಮೇಲೆ ಅವರು ಮನೆ ಮಾರಿ, ಸಿಸ್ಟರುಗಳು ನಡೆಸುವ ಒಂದು ವೃದ್ಧಾಶ್ರಮಕ್ಕೆ ಹೋಗುವುದೆಂದು ನಿರ್ಧರಿಸಿದರು. ನಮ್ಮ ಮನೆಗೇ ಬನ್ನಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹೊರಡುವ ದಿನ ನಾನು ಹೋದಾಗ ಮೇಜು ನಮ್ಮಲ್ಲಿಗೆ ಬಂದು, ಉಳಿದ ಸಾಮಾನೆಲ್ಲ ಖಾಲಿಯಾಗಿ, ಗೋಡೆಗಳ ಮೇಲೆ ಫೋಟೋ ಇದ್ದ ಕಡೆ ಬಿಳಿ ಚೌಕಗಳು ಉಳಿದಿದ್ದವು. ಐರಿನ್ ಬಾಯಿ ವರಾಂಡದ ಮೆಟ್ಟಿಲ ಮೇಲೆ ಪರ್ಸು ಹಿಡಿದು ಕೂತಿದ್ದರು. ಟ್ಯಾಕ್ಸಿ ಬರಲು ಇನ್ನೂ ಹೊತ್ತಿತ್ತು. ನಾನು ಹತ್ತಿರ ನಿಂತು, ಪ್ರೊಫೆಸರಿಲ್ಲದೆ ಈ ಮನೆ ನೋಡಲಾಗುವುದಿಲ್ಲ ಎಂದೇನೋ ಹೇಳಿದೆ.

"ಅವರದ್ದು ಆಯಿತು ಉಷಾ," ಎಂದರು. "ಪ್ರಾಯ ಆಗಿತ್ತು. ಪಾದ್ರಿಗಳು ಬಂದರು, ಜನ ಬಂದರು, ಹೂ ಇಟ್ಟರು, ಭಾಷಣ ಆಯಿತು." ಅವರು ಪರ್ಸಿನ ಬಾಯಿ ತೆಗೆದು ಮತ್ತೆ ಮುಚ್ಚಿದರು. "ಕ್ಲಾರಾಳಿಗೆ ಯಾರೂ ಬರಲಿಲ್ಲ."

ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ. ರಸ್ತೆಯಲ್ಲಿ ಮಟಾಟುವಿನ ಹುಡುಗ ಊರುಗಳ ಹೆಸರು ಕೂಗುತ್ತಾ ಹೋದ. ಅವನ ದನಿ ದೂರವಾಯಿತು.

"ನಾನು ಅವಳನ್ನ ಸರಿಯಾಗಿ ನೋಡ್ಲೇ ಇಲ್ಲ," ಎಂದೆ. "ಹೇಗಿದ್ದಳು, ಹೇಳಿ."

ಐರಿನ್ ಬಾಯಿ ನನ್ನನ್ನೇ ನೋಡಿದರು, ನಾನು ತಮಾಷೆ ಮಾಡುತ್ತಿಲ್ಲವಲ್ಲ ಎಂದು ಪರೀಕ್ಷಿಸುವ ಹಾಗೆ. ಆಮೇಲೆ ಪರ್ಸನ್ನು ಪಕ್ಕಕ್ಕಿಟ್ಟರು.

"ಕೂದಲು ಗುಂಗುರು," ಎಂದು ಶುರುಮಾಡಿದರು. "ಬಾಚಲಿಕ್ಕೆ ಕೊಡುತ್ತಲೇ ಇರಲಿಲ್ಲ."